ಕಾಂಗ್ರೆಸ್ ಗಿಡದ ಹುಳುವೂ ನನ್ನ ಸುದ್ದಿಯೂ

೧೯೮೮ರ ಆಗಸ್ಟ್ ತಿಂಗಳ ಒಂದು ಗುರುವಾರ ಬೆಳಿಗ್ಗೆ ಎಂಟು ಗಂಟೆಯ ಸುಮಾರಿಗೆ, ಮಧುಗಿರಿಯಲ್ಲಿ ನಮ್ಮ ಮನೆಯ ಹಿಂದಿನ ಖಾಲಿ ಜಾಗದಲ್ಲಿ, ಮೂವರು ಸೇರಿ ಬಿಎಚ್‌ಸಿ ಎಂಬ ಕೀಟನಾಶಕ ಪುಡಿ ಎರಚಿ, ಕಾಂಗ್ರೆಸ್ ಗಿಡದ ಎಲೆ ತಿನ್ನುವ ಹುಳುಗಳನ್ನು ಕೊಂದರು. ಗಿಡಗಳಿಗೆ ಏನೂ ಆಗಲಿಲ್ಲ.

ಸುದ್ದಿಯ ಮೊದಲ ಪ್ಯಾರಾದಲ್ಲಿ ಯಾರು, ಏನು, ಎಲ್ಲಿ, ಯಾವಾಗ, ಏಕೆ ಎಂಬ ಐದೂ ಇರಬೇಕು ಎಂದು ನಮ್ಮ ಪತ್ರಿಕೆಯ ಸುದ್ದಿ ವಿಭಾಗದ ಹಿರಿಯರು ನನಗೆ ಕಲಿಸಿದ್ದಾರೆ. ಮೇಲಿನ ಪ್ಯಾರಾದಲ್ಲಿ ನಾಲ್ಕು ಇವೆ. ಏಕೆ ಎಂಬುದು ಬಿಟ್ಟುಹೋಗಿದೆ. ಜಾಗ ಸಾಲದೆ ಬಿಟ್ಟದ್ದಲ್ಲ. ಹದಿನಾಲ್ಕು ವರ್ಷದಿಂದ ಮಧುಗಿರಿಯ ಬಾತ್ಮೀದಾರನಾಗಿ ನಾನು ಕಳುಹಿಸಿದ ಸುದ್ದಿಗಳಲ್ಲಿ ನನ್ನ ಹೆಸರು ಒಮ್ಮೆಯೂ ಬಂದಿಲ್ಲ, ಬರಲೂಬಾರದು. ಈ ‘ಏಕೆ’ಯನ್ನು ಬರೆದರೆ ಬರುತ್ತದೆ.

ಮೊದಲು ನನ್ನ ಕಸುಬಿನ ಬಗ್ಗೆ ಒಂದು ಮಾತು ಒಪ್ಪಿಕೊಂಡುಬಿಡುತ್ತೇನೆ. ನನ್ನಂಥವರ ಬಳಿ ಮೂರು ಪದಗಳಿವೆ: ‘ತಿಳಿದುಬಂದಿದೆ’, ‘ಕಂಡುಬಂದಿದೆ’, ‘ಎನ್ನಲಾಗಿದೆ’. ಮಳೆಗೆ ಕೊಡೆ ಇದ್ದ ಹಾಗೆ ಇವು. ಕೆಳಗೆ ನಿಂತರೆ ಯಾವ ಹನಿಯೂ ಮೈಮೇಲೆ ಬೀಳುವುದಿಲ್ಲ. ಯಾರೋ ಹೇಳಿದರು, ಎಲ್ಲೋ ಕಂಡಿತು, ನಾನು ಬರೆದೆ, ಅಷ್ಟೆ. ಈ ಅಭ್ಯಾಸ ಮನೆಯೊಳಗೂ ಬಂದುಬಿಟ್ಟಿತ್ತು. ಡಬ್ಬದಲ್ಲಿ ಉಪ್ಪು ಇದೆಯೇ ನೋಡಿ ಎಂದು ನನ್ನ ಹೆಂಡತಿ ಸರೋಜ ಅಡುಗೆಮನೆಯಿಂದ ಕೇಳಿದರೆ, ನಾನು ಎದ್ದು ಹೋಗಿ ನೋಡದೆಯೇ, “ಇದೆ ಅನ್ಸುತ್ತೆ” ಎನ್ನುತ್ತಿದ್ದೆ. “ಅನ್ಸೋದು ಬೇಡ ರೀ, ಎದ್ದು ನೋಡಿ” ಎಂದು ಅವಳು ಹನ್ನೆರಡು ವರ್ಷ ಹೇಳಿದ್ದಾಳೆ. ಆ ಮಾತು ಉಪ್ಪಿಗೆ ಮಾತ್ರ ಸಂಬಂಧಿಸಿದ್ದು ಎಂದು ನಾನು ತಿಳಿದುಕೊಂಡಿದ್ದೆ.

ಕಾಂಗ್ರೆಸ್ ಗಿಡ ನಮ್ಮ ಕಡೆ ಕಾಣಿಸಿಕೊಂಡದ್ದು ಎಪ್ಪತ್ತರ ದಶಕದಲ್ಲಿ. ಲಾರಿಗಳ ಮರಳಿನ ಜೊತೆಗೋ, ಗೊಬ್ಬರದ ಜೊತೆಗೋ, ಯಾರಿಗೂ ಸರಿಯಾಗಿ ಗೊತ್ತಿಲ್ಲ. ಮೊಣಕಾಲೆತ್ತರದ ಗಿಡ, ಕ್ಯಾರೆಟ್ ಸೊಪ್ಪಿನಂಥ ಎಲೆ, ತುದಿಯಲ್ಲಿ ಸಬ್ಬಕ್ಕಿ ಚೆಲ್ಲಿದಂತೆ ಬಿಳಿ ಹೂವು. ಮೊದಲ ವರ್ಷ ಜನ ಅದನ್ನು ನೋಡಿ ಚೆನ್ನಾಗಿದೆ ಎಂದರು. ಹೂವಾಡಗಿತ್ತಿಯರು ಸೇವಂತಿಗೆ ಹಾರದ ನಡುವೆ ಅದರ ಎಸಳು ಸೇರಿಸಿ ಕಟ್ಟಿದರು. ನಾನೂ ‘ಪಟ್ಟಣದ ಹೊರವಲಯದಲ್ಲಿ ಹೊಸ ಹೂಗಿಡ’ ಎಂದು ನಾಲ್ಕು ಸಾಲು ಕಳುಹಿಸಿದ್ದೆ. ಎರಡು ವರ್ಷದಲ್ಲಿ ಬಸ್ ನಿಲ್ದಾಣದ ಹಿಂದೆ, ಕೆರೆ ಏರಿಯ ಮೇಲೆ, ಸಿರಾ ರಸ್ತೆಯ ಎರಡೂ ಬದಿಗೆ, ಗೋರಿಪಾಳ್ಯದಲ್ಲಿ, ಶಾಲೆಯ ಅಂಗಳದಲ್ಲಿ, ಮಣ್ಣು ಇದ್ದಲ್ಲೆಲ್ಲ ಅದೇ. ಮೇಯಲು ಬಿಟ್ಟ ಎಮ್ಮೆಗಳ ಹಾಲು ಕಹಿಯಾಯಿತು. ಕಿತ್ತವರ ಕೈಗೆ ತುರಿಕೆ ಬಂತು. ಚುನಾವಣೆಯ ಕಾಲದಲ್ಲಿ ನಾನು ಆ ಗಿಡದ ಬಗ್ಗೆ ಬರೆದದ್ದನ್ನೆಲ್ಲ ಸುದ್ದಿ ವಿಭಾಗದವರು ‘ಪಾರ್ಥೇನಿಯಂ’ ಎಂದು ತಿದ್ದಿ ಹಾಕುತ್ತಿದ್ದರು. ಓದಿದ ಹನುಮಂತರಾಯಪ್ಪ, “ಇದು ಇನ್ನೊಂದು ಹೊಸಾ ಗಿಡವಾ ಸಾ?” ಎಂದು ಕೇಳಿದ್ದ.

ಹನುಮಂತರಾಯಪ್ಪ ನಮ್ಮ ನೆರೆಯವನು. ಹುಟ್ಟೂರು ಸಿರಾ ತಾಲ್ಲೂಕಿನ ಕಳ್ಳಂಬೆಳ್ಳದ ಕಡೆ. ಮಧುಗಿರಿಗೆ ಮನೆ ಅಳಿಯನಾಗಿ ಬಂದವನು. ನಮ್ಮ ಹಿತ್ತಲ ಬಾಗಿಲು ತೆರೆದರೆ ಮೊದಲು ಒಂದು ಖಾಲಿ ಜಾಗ. ಅದರ ಮಾಲೀಕರು ಬಳ್ಳಾರಿಯಲ್ಲಿದ್ದಾರೆ ಎನ್ನಲಾಗಿದೆ. ಅದರಾಚೆಗೆ ಹನುಮಂತರಾಯಪ್ಪನ ಅರ್ಧ ಎಕರೆ. ಬಾಗಿಲಿನಿಂದ ಅವನ ಬದುವಿಗೆ ನಲವತ್ತು ಹೆಜ್ಜೆ. ಈ ಅಳತೆ ನನ್ನದಲ್ಲ, ಸರೋಜಳದು. ಅದು ಹೇಗೆ ಬಂತು ಎಂಬುದನ್ನು ಮುಂದೆ ಹೇಳುತ್ತೇನೆ. ಹನುಮಂತರಾಯಪ್ಪನಿಗೆ ಓದು ಬರುತ್ತದೆ, ಆದರೆ ನಾನು ಓದಿ ಹೇಳಿದರೇ ಅವನಿಗೆ ಸಮಾಧಾನ. ದಿನಾ ಸಂಜೆ ನಮ್ಮ ಜಗುಲಿಗೆ ಬಂದು, ಟವೆಲ್ ಕೊಡವಿ ಹಾಸಿಕೊಂಡು, “ಏನ್ ಬಂದೈತೆ ಸಾ ಇವತ್ತು?” ಎನ್ನುತ್ತಿದ್ದ. ಅವನ ಲೆಕ್ಕದಲ್ಲಿ ಜಗತ್ತಿನಲ್ಲಿ ಎರಡೇ ಬಗೆಯ ಸಂಗತಿಗಳು, ಪೇಪರ್‌ನಲ್ಲಿ ಬಂದದ್ದು ಮತ್ತು ಬರದೇ ಇದ್ದದ್ದು.

ಸರೋಜ ಊರ ಹೊರಗಿನ ಪ್ರಾಥಮಿಕ ಶಾಲೆಯಲ್ಲಿ ಮೂರನೇ ತರಗತಿಯ ಟೀಚರು. ಎಂಬತ್ಮೂರರ ಮಳೆಗಾಲದಲ್ಲಿ ಅವಳ ಕಣ್ಣಿನ ರೆಪ್ಪೆ ಊದಿತು. ಆಮೇಲೆ ಕತ್ತು, ಮೊಣಕೈಯ ಮಡಿಕೆ, ಕಿವಿಯ ಹಿಂದೆ. ಚರ್ಮ ದಪ್ಪವಾಗಿ, ಕಪ್ಪಾಗಿ, ಬಿರಿದು, ನೀರು ಒಸರತೊಡಗಿತು. ಬೇವಿನ ಎಲೆ, ಅರಿಶಿನ, ಕೊಬ್ಬರಿ ಎಣ್ಣೆ, ಪಥ್ಯ ಎಲ್ಲ ಆಯಿತು. ಅತ್ತೆ ಬಂದು ದೃಷ್ಟಿ ತೆಗೆದು ಹೋದರು. ಕೊನೆಗೆ ತುಮಕೂರಿನ ಚರ್ಮದ ಡಾಕ್ಟರು ಒಂದೇ ನಿಮಿಷ ನೋಡಿ, “ನಿಮ್ಮ ಮನೆ ಸುತ್ತ ಕಾಂಗ್ರೆಸ್ ಗಿಡ ಇದೆಯಾ?” ಎಂದರು. ಇದೆ ಎಂದೆವು. “ಶಾಲೆ ಸುತ್ತ?” ಅಲ್ಲೂ ಇದೆ ಎಂದೆವು. “ಹಾಗಾದ್ರೆ ಗಿಡ ಹೋಗಬೇಕಮ್ಮ, ಇಲ್ಲ ನೀವು ಹೋಗಬೇಕು. ಮಧ್ಯೆ ನನ್ನ ಮುಲಾಮು ಸುಮ್ಮನೆ” ಎಂದು ಚೀಟಿ ಬರೆದುಕೊಟ್ಟರು. ವಾಪಸು ಬರುವಾಗ ಬಸ್ಸಿನ ಕಿಟಕಿಯಲ್ಲಿ ಕೊರಟಗೆರೆಯಿಂದ ಮಧುಗಿರಿಯವರೆಗೆ ರಸ್ತೆಯ ಎರಡೂ ಕಡೆ ಬಿಳಿ ಹೂವೇ. ಸರೋಜ ಸೆರಗನ್ನು ಮೂಗಿನವರೆಗೆ ಎಳೆದುಕೊಂಡು, “ಇಷ್ಟೂ ಹೋಗಬೇಕಂತೆ” ಎಂದಳು.

ಅಂದಿನಿಂದ ಅವಳು ತುಂಬು ತೋಳಿನ ರವಿಕೆ, ಕತ್ತಿಗೆ ಸುತ್ತಿದ ಬಿಳಿ ವಾಯಿಲ್ ಬಟ್ಟೆ, ಕಣ್ಣು ಮಾತ್ರ ಕಾಣುವಂತೆ ಸೆರಗು, ಹೀಗೆ ಶಾಲೆಗೆ ಹೋಗುತ್ತಿದ್ದಳು. ತರಗತಿಯ ಒಬ್ಬಳು ಹುಡುಗಿ ಸ್ಲೇಟಿನ ಮೇಲೆ ಅವಳ ಚಿತ್ರ ಬರೆದು, ಮುಖಕ್ಕೆ ಕೆಂಪು ಸೀಮೆಸುಣ್ಣ ತುಂಬಿ, “ಮಿಸ್, ಚೆಂದಾಗೈತಾ?” ಎಂದು ತೋರಿಸಿದಳಂತೆ. ಇದನ್ನು ಸರೋಜ ನಗುತ್ತಲೇ ನನಗೆ ಹೇಳಿದಳು. ಮಾರನೆಯ ದಿನ ಹಜಾರದ ಕನ್ನಡಿ ಅಟ್ಟ ಸೇರಿತ್ತು. ನಾನು ಒಂದು ವಾರ ಬಚ್ಚಲಮನೆಯ ಹಿತ್ತಾಳೆ ಚೊಂಬಿನಲ್ಲಿ ಮುಖ ನೋಡಿಕೊಂಡು ಗಡ್ಡ ಹೆರೆದುಕೊಂಡೆ. ಯಾಕೆ ಎಂದು ಕೇಳಲಿಲ್ಲ. ಕೇಳುವುದು ಕಸುಬು, ಮನೆಯಲ್ಲಿ ಮಾಡುವುದಲ್ಲ ಎಂಬ ಭಾವನೆ ಇತ್ತು.

ಗಿಡ ಕಳುಹಿಸುವ ಪ್ರಯತ್ನವನ್ನೂ ಮಾಡಿದೆವು. ಆಳು ಕರೆದು ಖಾಲಿ ಜಾಗದ ಗಿಡ ಕೀಳಿಸಿದೆವು. ಇಪ್ಪತ್ತು ದಿನದಲ್ಲಿ ಮೊದಲಿಗಿಂತ ದಟ್ಟವಾಗಿ ಬಂತು. ಉಪ್ಪು ನೀರು ಚಿಮುಕಿಸಿದರೆ ಸಾಯುತ್ತದೆ ಎಂದು ಯಾರೋ ಹೇಳಿದರು. ಡಬ್ಬದಲ್ಲಿ ಉಪ್ಪು ಇದೆಯೇ ಎಂದು ಸರೋಜ ಕೇಳುತ್ತಿದ್ದಳು ಎಂದು ಮೇಲೆ ಹೇಳಿದೆನಲ್ಲ, ಅದು ಮತ್ತೆ ಮತ್ತೆ ಖಾಲಿಯಾಗುತ್ತಿದ್ದುದಕ್ಕೆ ಇದೂ ಒಂದು ಕಾರಣ. ಎಲ್ಲ ಆದ ಮೇಲೆ ಎಂಬತ್ತಾರರಲ್ಲಿ ಸರೋಜ ವರ್ಗಾವಣೆಯ ಅರ್ಜಿ ತಂದು ತುಂಬಿದಳು. ಪಾವಗಡ ತಾಲ್ಲೂಕಿನ ಆಂಧ್ರ ಗಡಿಯ ಕಡೆ, ಒಣ ನೆಲ, ಗಿಡ ಇನ್ನೂ ಅಷ್ಟು ಬಂದಿಲ್ಲ ಎಂದು ಶಿಕ್ಷಕರ ಸಭೆಯಲ್ಲಿ ಯಾರೋ ಹೇಳಿದ್ದರು. ತುಂಬಿದ ಅರ್ಜಿಯನ್ನು ಕಳುಹಿಸಲಿಲ್ಲ. ಟ್ರಂಕಿನಲ್ಲಿ ಮದುವೆ ಸೀರೆಯ ಕೆಳಗೆ ಇಟ್ಟಳು. “ಇನ್ನೊಂದು ಮಳೆಗಾಲ ನೋಡ್ತೀನಿ” ಎಂದಳು. ನಾನು ಮಧುಗಿರಿ ಬಿಡುವಂತಿರಲಿಲ್ಲ. ಬಾತ್ಮೀದಾರ ಎಂದರೆ ಊರಿನ ಮೈಲಿಗಲ್ಲು ಇದ್ದ ಹಾಗೆ, ಕಿತ್ತು ಬೇರೆ ಊರಿಗೆ ನೆಟ್ಟರೆ ಅದರ ಮೇಲೆ ಬರೆದದ್ದೆಲ್ಲ ಸುಳ್ಳಾಗುತ್ತದೆ.

ಹುಳು ಬಂದದ್ದು ಮಾರನೆಯ ವರ್ಷದ ಮಳೆಗಾಲದಲ್ಲಿ. ಬೆಂಗಳೂರಿನಲ್ಲಿ ಬಿಟ್ಟಿದ್ದಾರೆ, ಪರದೇಶದ್ದು, ಕಾಂಗ್ರೆಸ್ ಗಿಡದ ಎಲೆ ಬಿಟ್ಟು ಬೇರೆ ಏನನ್ನೂ ತಿನ್ನುವುದಿಲ್ಲ ಎಂದು ಕೃಷಿ ಸಹಾಯಕ ಶಿವಣ್ಣ ಹೇಳಿದ. ಶಿವಣ್ಣ ಹೊಲಗಳ ಮೇಲೆ ಸೈಕಲ್ಲಿನಲ್ಲಿ ತಿರುಗುವ ಮನುಷ್ಯ. ಜೇಬಿನಲ್ಲಿ ಯಾವಾಗಲೂ ಬೀಜದ ಪೊಟ್ಟಣ ಇಟ್ಟುಕೊಂಡು, ಮಾತಿನ ನಡುವೆ ತೆಗೆದು ಮೂಸುತ್ತಿದ್ದ. ಸಿರಾ ರಸ್ತೆಯ ಬದಿಯಲ್ಲಿ ಹುಳು ಬಿಡುವ ಸಣ್ಣ ಸಮಾರಂಭವಾಯಿತು. ಮೇಲಿನಿಂದ ಬಂದ ಅಧಿಕಾರಿಗೆ ಹಾರ ಹಾಕಿದರು. ಸೇವಂತಿಗೆ ಹಾರ, ನಡುನಡುವೆ ಕಾಂಗ್ರೆಸ್ ಗಿಡದ ಬಿಳಿ ಎಸಳು. ಅಧಿಕಾರಿ ಆ ಗಿಡದಿಂದ ಮನುಕುಲಕ್ಕೆ ಆಗುವ ಹಾನಿಯ ಬಗ್ಗೆ ಹಾರ ಹಾಕಿಕೊಂಡೇ ಇಪ್ಪತ್ತು ನಿಮಿಷ ಮಾತಾಡಿದರು. ಎರಡು ಹುಳುಗಳು ಡಬ್ಬಿಯಿಂದ ಹೊರಬಂದು ನೇರ ಅವರ ಎದೆಯ ಮೇಲೆ ಹತ್ತಿದವು. “ನೋಡ್ರಿ, ಗಿಡ ಗುರುತು ಹಿಡಿತು” ಎಂದು ಶಿವಣ್ಣ ನನ್ನ ಕಿವಿಯಲ್ಲಿ ಹೇಳಿದ. ಇದನ್ನು ನಾನು ಸುದ್ದಿಯಲ್ಲಿ ಬರೆಯಲಿಲ್ಲ. ಕಣ್ಣಾರೆ ಕಂಡದ್ದನ್ನು ಬಿಟ್ಟು, ಕೇಳಿದ್ದನ್ನು ಬರೆಯುವ ನನ್ನ ಕ್ರಮಕ್ಕೆ ಇದು ಮೊದಲ ಉದಾಹರಣೆಯೇನಲ್ಲ.

ಸಮಾರಂಭ ಮುಗಿದ ಮೇಲೆ ಶಿವಣ್ಣ ಒಂದು ಗಾಜಿನ ಬಾಟಲಿಯಲ್ಲಿ ಮೂವತ್ತು ಹುಳು ಹಾಕಿ ನಮ್ಮ ಮನೆಗೆ ತಂದ. ತೊಗರಿಕಾಳಿನಷ್ಟು, ಪುಟ್ಟ ದುಂಬಿಯಂಥ ಹುಳು. ಕೆನೆ ಬಣ್ಣದ ಬೆನ್ನಿನ ಮೇಲೆ, ಇಂಕು ಸೋರುವ ಪೆನ್ನಿನಿಂದ ಯಾರೋ ಅವಸರದಲ್ಲಿ ಎಳೆದಂಥ ಕಂದು ಗೆರೆಗಳು. ಸರೋಜ ದೂರದಿಂದಲೇ ಬಗ್ಗಿ ನೋಡಿದಳು.

“ಬೇರೆ ಏನೂ ತಿನ್ನಲ್ವಾ ಶಿವಣ್ಣ?”

“ಹಸ್ಕೊಂಡು ಸಾಯ್ತವೆ ಕಣಮ್ಮ, ಬೇರೆ ಸೊಪ್ಪು ಮುಟ್ಟಾಕಿಲ್ಲ.”

“ಉಪ್ಪಿಟ್ಟು ಮಾಡಿದ ದಿನ ನಮ್ಮನೆಯವರ ಹಾಗೆ ಅನ್ನಿ.”

ಹುಳುಗಳು ಮೊಟ್ಟೆ ಇಟ್ಟು ಹೆಚ್ಚುವವರೆಗೆ ಹದಿನೈದು ದಿನ ಸಾಕಬೇಕಿತ್ತು. ಸಾಕಬೇಕಾದರೆ ದಿನಾ ತಾಜಾ ಕಾಂಗ್ರೆಸ್ ಸೊಪ್ಪು ಬೇಕು. ಸರೋಜ ಅದನ್ನು ಮುಟ್ಟುವಂತಿಲ್ಲ. ಹೀಗಾಗಿ, ನಾಲ್ಕು ವರ್ಷ ಆ ಗಿಡವನ್ನು ಮನೆಯಿಂದ ದೂರ ಇಡಲು ಹೆಣಗಿದ ನಾನು, ದಿನಾ ಬೆಳಿಗ್ಗೆ ಎಳೆಯ ಸೊಪ್ಪು ಆರಿಸಿ ಕಿತ್ತು, ಚೀಲದಲ್ಲಿ ತುಂಬಿ, ಮನೆಗೇ ತರತೊಡಗಿದೆ. ಟೀ ಅಂಗಡಿಯ ಮುಂದೆ ಹೋಗುವಾಗ ಒಬ್ಬ, “ಏನ್ ಸಾ, ಎಮ್ಮೆ ಕಟ್ಟಿದ್ದೀರಾ?” ಎಂದರೆ ಇನ್ನೊಬ್ಬ, “ಎಮ್ಮೆಗಲ್ಲ ಕಣ್ಲಾ, ಪೇಪರ್ನೋರು, ಪಲ್ಯಕ್ಕೆ” ಎನ್ನುತ್ತಿದ್ದ. ಬಾಟಲಿಯನ್ನು ಸೌದೆ ಕೊಟ್ಟಿಗೆಯಲ್ಲಿ ಇಟ್ಟು, ಬಾಯಿಗೆ ಸರೋಜಳ ವಾಯಿಲ್ ಬಟ್ಟೆ ಕಟ್ಟಿದ್ದೆ. ಅವಳು ಬೆಳಿಗ್ಗೆ ಎದ್ದವಳೇ ಕಿಟಕಿಯ ಆಚೆ ನಿಂತು ಕೇಳುತ್ತಿದ್ದ ಮೊದಲ ಮಾತು, “ತೂತು ಇದೆಯಾ?”

ಎಲೆಯಲ್ಲಿ ತೂತು ಇದ್ದರೆ ಹುಳು ತಿಂದಿದೆ ಎಂದು ಅರ್ಥ. ನಾನು ಎಲೆಯನ್ನು ಬೆಳಕಿಗೆ ಹಿಡಿದು, “ಏಳು” ಎನ್ನುತ್ತಿದ್ದೆ. “ನಿನ್ನೆ ಐದಿತ್ತು” ಎನ್ನುತ್ತಿದ್ದಳು. ನಮ್ಮ ಮನೆಯಲ್ಲಿ ಆಗ ಪತ್ರಿಕೆ ಬರುವ ಮೊದಲೇ ಓದುತ್ತಿದ್ದ ಸುದ್ದಿ ಅದೊಂದೇ. ಆ ಹದಿನೈದು ದಿನ ನಾನು ಹೇಳಿದ್ದೆಲ್ಲ ನೋಡಿಯೇ ಹೇಳಿದ್ದು ಎಂಬುದನ್ನು ದಾಖಲಿಸಬೇಕು.

ಖಾಲಿ ಜಾಗದಲ್ಲಿ ಹುಳುಗಳನ್ನು ಬಿಟ್ಟೆವು. ದೀಪಾವಳಿಯವರೆಗೆ ಅಲ್ಲಲ್ಲಿ ಕಂಡವು. ಆಮೇಲೆ ಚಳಿ, ಒಣಗಾಳಿ. ಒಂದೂ ಇಲ್ಲ. ಸಂಕ್ರಾಂತಿಯ ಹೊತ್ತಿಗೆ ನಾನು ‘ಕಳೆ ತಿನ್ನುವ ಹುಳುಗಳ ಕಣ್ಮರೆ, ಪ್ರಯೋಗ ವಿಫಲ ಎನ್ನಲಾಗಿದೆ’ ಎಂದು ಬರೆದು ಬಸ್ಸಿಗೆ ಕೊಟ್ಟೆ. ನಮ್ಮ ಸುದ್ದಿಗಳು ಹೋಗುತ್ತಿದ್ದುದೇ ಹಾಗೆ. ಸಂಜೆ ನಾಲ್ಕೂವರೆಯ ಬೆಂಗಳೂರು ಬಸ್ಸಿನ ಡ್ರೈವರ್ ಕೈಗೆ ಕವರು ಕೊಟ್ಟರೆ ಮಾರನೆಯ ದಿನ ಅಚ್ಚು. ಒಮ್ಮೆ ಒಬ್ಬ ಡ್ರೈವರ್ ಕೊರಟಗೆರೆಯ ಟೀ ಅಂಗಡಿಯಲ್ಲಿ ಕವರು ಮರೆತು, ಒಂದು ಸಾವಿನ ಸುದ್ದಿ ಎರಡು ದಿನ ಅಲ್ಲೇ ಬನ್ನುಗಳ ಗಾಜಿನ ಪೆಟ್ಟಿಗೆಯ ಮೇಲೆ ಉಳಿದು, ವೈಕುಂಠ ಸಮಾರಾಧನೆಗೆ ಹತ್ತಿರವಾಗಿ ಪ್ರಕಟವಾಯಿತು. ಹುಳುಗಳ ಸಾವಿನ ಸುದ್ದಿ ಮಾತ್ರ ಸರಿಯಾದ ಸಮಯಕ್ಕೆ ತಲುಪಿತು. ಅದನ್ನು ಓದಿದ ಶಿವಣ್ಣ ಸೈಕಲ್ ಸ್ಟ್ಯಾಂಡ್ ಕೂಡ ಹಾಕದೆ ಬಂದ. “ಸತ್ತಿಲ್ಲ ಸಾರ್. ಬೇಸಿಗೆಗೆ ಮಣ್ಣೊಳಗೆ ಇಳಿದು ಮಲಗಿರ್ತವೆ. ಮಳೆ ಬಿದ್ರೆ ಎದ್ದು ಬರ್ತವೆ. ನನ್ನ ಒಂದ್ ಮಾತು ಕೇಳಬಾರದಾ?” ಎಂದ. ಮನೆಯಿಂದ ಅವನ ಕಚೇರಿಗೆ ಹತ್ತು ನಿಮಿಷದ ನಡಿಗೆ. ಸರೋಜ ನನ್ನ ಕಡೆ ನೋಡಿದಳು. ಅಂದಿನಿಂದ ಖಾಲಿ ಜಾಗದಲ್ಲಿ ಯಾರೂ ಮಣ್ಣು ಕೆದಕದಂತೆ, ಬೂದಿ ಸುರಿಯದಂತೆ ಹಿತ್ತಲ ಬಾಗಿಲಲ್ಲಿ ಕೂತು ಕಾದಳು. ಮಲಗಿದವರನ್ನು ಎಬ್ಬಿಸಬಾರದು ಎಂಬಂತೆ ಪಾತ್ರೆಯನ್ನೂ ಸದ್ದಿಲ್ಲದೆ ತೊಳೆಯುತ್ತಿದ್ದಳು.

ಎಂಬತ್ತೆಂಟರ ಜೂನ್‌ನಲ್ಲಿ ಮಳೆ ಬಿತ್ತು. ಹುಳುಗಳು ಎದ್ದುಬಂದವು. ಮೂವತ್ತಲ್ಲ, ಎಣಿಸಲಾಗದಷ್ಟು. ಜುಲೈ ಕೊನೆಯ ಹೊತ್ತಿಗೆ ಖಾಲಿ ಜಾಗದ ಗಿಡಗಳಲ್ಲಿ ಬರೀ ಕಡ್ಡಿ. ಎಲೆ ಇಲ್ಲ, ಹೂವಿಲ್ಲ. ಹಿತ್ತಲಲ್ಲಿ ನಿಂತರೆ ಕಿರಿಕಿರಿ ಎಂದು ಮೇಯುವ ಸದ್ದು ಕೇಳುತ್ತದೆ ಎಂದು ಸರೋಜ ಹೇಳುತ್ತಿದ್ದಳು. ನನಗೆ ಕೇಳಲಿಲ್ಲ. ಅವಳ ಕತ್ತಿನ ಗಾಯ ಒಣಗಿತು. ರೆಪ್ಪೆ ಇಳಿಯಿತು. ಒಂದು ಸಂಜೆ ಶಾಲೆಯಿಂದ ಸೆರಗು ಹೊದೆಯದೆ, ಕನಕಾಂಬರ ಮುಡಿದು ಬಂದಳು. ಅಟ್ಟದಿಂದ ಕನ್ನಡಿ ಇಳಿಯಿತು. “ಗೌರಿ ಹಬ್ಬ ಆಗ್ಲಿ ರೀ, ಆ ಅರ್ಜಿ ಹರಿದು ಒಲೆಗೆ ಹಾಕ್ತೀನಿ” ಎಂದಳು. ಹಬ್ಬಕ್ಕೆ ಇನ್ನೂ ಕೆಲವು ವಾರ ಇತ್ತು.

ಅದೇ ವರ್ಷ ಹನುಮಂತರಾಯಪ್ಪ ಕಡಲೆಕಾಯಿ ಬಿಟ್ಟು ಮೊದಲ ಬಾರಿ ಸೂರ್ಯಕಾಂತಿ ಹಾಕಿದ್ದ. ಮೊದಲ ಬಾರಿ ಬಸುರಿಯಾದ ಸೊಸೆಯನ್ನು ನೋಡಿಕೊಳ್ಳುವ ಹಾಗೆ ಆ ಹೊಲವನ್ನು ನೋಡಿಕೊಳ್ಳುತ್ತಿದ್ದ. ಆಗಸ್ಟ್‌ನ ಒಂದು ಮಧ್ಯಾಹ್ನ ಮೂರೂ ಮುಕ್ಕಾಲಿಗೆ ಜಗುಲಿಗೆ ಬಂದು ಕೂತ. ನಾನು ದಿನದ ಸುದ್ದಿ ಬರೆಯುತ್ತಿದ್ದೆ.

“ಸಾ, ಆ ಟೀಚರಮ್ಮನ ಹುಳ ನನ್ ಸೂರ್ಯಕಾಂತಿ ಮ್ಯಾಗೂ ಕೂತಂಗಿತ್ತು ಸಾ.”

“ಕೂತಿತ್ತಾ, ತಿಂತಿತ್ತಾ?” ಎಂದೆ.

“ಅದೇ ನಂಗೂ ಅನುಮಾನ. ಕೂತಂಗಿತ್ತು. ತಿಂದಂಗೂ ಇತ್ತು. ಬಿಸ್ಲು, ಸರಿಯಾಗಿ ಕಾಣ್ಲಿಲ್ಲ ಬುಡಿ.”

ಆ ಕ್ಷಣದಲ್ಲಿ ನನ್ನ ತಲೆಯಲ್ಲಿ ಏನಿತ್ತು ಎಂಬುದನ್ನು ಆದಷ್ಟು ನಿಖರವಾಗಿ ಹೇಳುತ್ತೇನೆ. ಆ ಹುಳುಗಳ ಪರವಾಗಿ ಆ ತಿಂಗಳಲ್ಲಿ ಎರಡು ಸುದ್ದಿ ಕಳುಹಿಸಿದ್ದೆ. ಸುದ್ದಿ ವಿಭಾಗದಿಂದ ಒಬ್ಬರು ಫೋನಿನಲ್ಲಿ, “ಏನ್ರೀ, ಹುಳದ ಏಜೆನ್ಸಿ ತಗೊಂಡಿದ್ದೀರಾ? ಇನ್ನೊಂದು ಕಡೆಯದೂ ಬರಲಿ” ಎಂದು ನಕ್ಕಿದ್ದರು. ನಗುವೇ ಆದರೂ ನನಗೆ ಚುಚ್ಚಿತ್ತು. ಹೆಂಡತಿಯ ಮೈ ವಾಸಿಯಾಗುತ್ತಿದೆ ಎಂದು ನಾನು ಹುಳುವಿನ ಪಕ್ಷ ವಹಿಸಿದೆ ಎಂದು ಯಾರೂ ಅನ್ನಬಾರದು. ನಿಷ್ಪಕ್ಷಪಾತ ಎಂಬುದು ನನಗೆ ಆಗ ಇಸ್ತ್ರಿ ಮಾಡಿದ ಅಂಗಿಯಂತೆ, ಹಾಕಿಕೊಂಡು ತಿರುಗಲು ಚೆನ್ನಾಗಿತ್ತು. ಬರೆಯತೊಡಗಿದೆ.

ಸರೋಜ ಕಾಫಿ ತಂದವಳು ಕಾಗದದ ಮೇಲೆ ಕಣ್ಣು ಹಾಯಿಸಿದಳು. “ಹೋಗಿ ನೋಡಿದ್ರಾ?”

“ಬಸ್ಸು ನಾಲ್ಕೂವರೆಗೆ.”

“ನಲವತ್ತು ಹೆಜ್ಜೆ ರೀ. ಬೇಸಿಗೆಯೆಲ್ಲ ಕೂತು ಎಣಿಸಿದ್ದೀನಿ. ಹೋಗಿ ಬರೋಕೆ ಎಂಬತ್ತು.”

“‘ಎನ್ನಲಾಗಿದೆ’ ಅಂತ ಹಾಕಿದ್ದೀನಲ್ಲ” ಎಂದೆ. ಅವಳು ಲೋಟ ಇಟ್ಟು ಒಳಗೆ ಹೋದಳು. ನಾನು ಬಸ್ ನಿಲ್ದಾಣಕ್ಕೆ ನಡೆದೆ. ಅದು ಸುಮಾರು ಎಂಟುನೂರು ಹೆಜ್ಜೆ. ಆಮೇಲೆ ಎಣಿಸಿದ್ದೇನೆ.

ಬುಧವಾರ ಸುದ್ದಿ ಬಂತು. ‘ಸೂರ್ಯಕಾಂತಿಗೂ ಹುಳು: ರೈತರಲ್ಲಿ ಆತಂಕ’. ರೈತರು ಎಂಬ ಬಹುವಚನದೊಳಗೆ ಹನುಮಂತರಾಯಪ್ಪ ಒಬ್ಬನೇ ಇದ್ದ. ಆ ಸಂಜೆ ಜಗುಲಿಯಲ್ಲಿ ನಾನೇ ಅದನ್ನು ಓದಿ ಹೇಳಿದೆ. ಅವನು ಎರಡು ಸಲ ಓದಿಸಿದ. ಟವೆಲ್ ಹೆಗಲಿಗೆ ಹಾಕಿಕೊಂಡು ಎದ್ದು ಹೋದ. ಅವನ ಮುಖದಲ್ಲಿ ಆತಂಕವಿತ್ತು ಎಂಬುದನ್ನು ಗಮನಿಸಿ, ನನ್ನ ತಲೆಬರಹ ಸರಿಯಾಗಿದೆ ಎಂದು ಸಮಾಧಾನಪಟ್ಟೆ.

ಗುರುವಾರದ ಘಟನೆ ಮೊದಲ ಪ್ಯಾರಾದಲ್ಲಿದೆ. ಹನುಮಂತರಾಯಪ್ಪ ಇಬ್ಬರನ್ನು ಮುಯ್ಯಾಳಿಗೆ ಕರೆದಿದ್ದ. ಮುಯ್ಯಾಳು ಎಂದರೆ ಇವತ್ತು ನೀನು ನನ್ನ ಹೊಲಕ್ಕೆ ಬಾ, ನಾಳೆ ನಾನು ನಿನ್ನ ಹೊಲಕ್ಕೆ ಬರುತ್ತೇನೆ ಎಂಬ ಕ್ರಮ. ತನ್ನ ಹೊಲಕ್ಕೆ ಸುರಿದದ್ದು ಸಾಲದು, ಹುಳು ಹುಟ್ಟುವ ಜಾಗಕ್ಕೇ ಸುರಿಯಬೇಕು ಎಂದು ಮೂವರೂ ಖಾಲಿ ಜಾಗಕ್ಕೆ ಬಂದು, ಗೋಣಿ ತಾಟಿನಲ್ಲಿ ಪುಡಿ ಕಟ್ಟಿ, ಕೋಲಿನಿಂದ ತಟ್ಟುತ್ತ ನಡೆದರು. ಸರೋಜ ಶಾಲೆಗೆ ಹೊರಟವಳು ಚೀಲ ಕೆಳಗಿಟ್ಟು ಓಡಿದಳು.

“ಹನುಮಂತರಾಯಪ್ಪನೋರೆ, ನಿಲ್ಸಿ. ನಿಮ್ಮ ಹೊಲಕ್ಕೆ ಹಾಕ್ಕೊಳ್ಳಿ, ಇಲ್ಲಿ ಬೇಡ.”

“ಟೀಚರಮ್ಮ, ಕ್ವಾಪ ಮಾಡ್ಕೋಬ್ಯಾಡಿ. ನಿಮ್ ಯಜಮಾನ್ರೇ ಬರ್ದವ್ರೆ.”

“ಅವರಿಗೆ ಹೇಳಿದ್ದು ನೀವಲ್ವಾ?”

“ನಾನೇ ಹೇಳ್ದೆ, ಇಲ್ಲಾಂತೀನಾ? ನಾನ್ ಹೇಳ್ದಾಗ ನಂಗೆ ಅನುಮಾನ ಇತ್ತು ಕಣಮ್ಮ. ಪೇಪರ್ನಾಗೆ ಬಂದ್ಮ್ಯಾಲೆ ಅನುಮಾನ ಹೋಗ್ಬುಡ್ತು.”

ಅವಳು ತಿರುಗಿ ನನ್ನ ಕಡೆ ನೋಡಿದಳು. ನಾನು ಹಿತ್ತಲ ಬಾಗಿಲಲ್ಲಿ ಹಲ್ಲುಜ್ಜುವ ಬ್ರಷ್ ಹಿಡಿದು ನಿಂತಿದ್ದೆ. ಹೋಗಿ, ಅದು ನಾನು ನೋಡದೆ ಬರೆದದ್ದು ಎಂದು ಹೇಳಬಹುದಿತ್ತು. ಮೂರು ಜನರ ಮುಂದೆ. ಬಾಯಿ ತುಂಬ ನೊರೆ ಇತ್ತು ಎಂಬುದು ನನ್ನ ಕಡೆಯ ಹೇಳಿಕೆ. ಪುಡಿ ಅರ್ಧ ಗಂಟೆಯಲ್ಲಿ ಮುಗಿಯಿತು. ಮಧ್ಯಾಹ್ನದ ಹೊತ್ತಿಗೆ ಹುಳುಗಳು ಕಡ್ಡಿಗಳಿಂದ ಉದುರಿ, ಬೆನ್ನಡಿಯಾಗಿ ಬಿದ್ದು, ಕಾಲಾಡಿಸುತ್ತಿದ್ದವು. ಸಂಜೆಗೆ ಅದೂ ನಿಂತಿತು.

ಶುಕ್ರವಾರ ನಾನು ಆ ನಲವತ್ತು ಹೆಜ್ಜೆ ನಡೆದೆ. ಶಿವಣ್ಣನೂ ಜೊತೆಗಿದ್ದ. ಸೂರ್ಯಕಾಂತಿಯ ಬದುವಿನ ಸಾಲಿನಲ್ಲಿ ಕೆಲವು ಎಲೆಗಳ ಅಂಚು ಮಾತ್ರ ಕೆರೆದಂತಿತ್ತು. ಶಿವಣ್ಣ ಎಲೆಯ ಮೇಲೆ ಬೆರಳು ಎಳೆದು ತೋರಿಸಿದ. ಬಿಳಿ ಹುಡಿ. “ಎರಚಿದ ಪುಡಿ ಅಲ್ಲ ಇದು, ಕಾಂಗ್ರೆಸ್ ಹೂವಿನ ಪರಾಗ ಸಾರ್. ರಸ್ತೆ ಕಡೆಯಿಂದ ಗಾಳಿಗೆ ಬಂದು ಇಲ್ಲಿ ಕೂತೈತೆ. ಅದರ ವಾಸನೆಗೆ ಬಂದು ನೆಕ್ಕಿ ಹೋಗಿವೆ. ಈ ಎಲೆ ತಿಂದು ಬದುಕೋ ಹುಳ ಅಲ್ಲ ಇದು” ಎಂದ. ಅವನ ದನಿಯಲ್ಲಿ ಸಿಟ್ಟು ಇರಲಿಲ್ಲ. ಜೇಬಿನಿಂದ ಪೊಟ್ಟಣ ತೆಗೆದು ಮೂಸಿ ಒಳಗಿಟ್ಟ. ನಾನು ಅಲ್ಲೇ ನಿಂತು ತಿದ್ದುಪಡಿ ಬರೆದೆ. ಅದು ಹನ್ನೊಂದು ದಿನ ಬಿಟ್ಟು, ಒಳಪುಟದಲ್ಲಿ, ಟೆಂಡರ್ ಪ್ರಕಟಣೆಯ ಕೆಳಗೆ ನಾಲ್ಕು ಸಾಲಿನಲ್ಲಿ ಬಂತು. ಹನುಮಂತರಾಯಪ್ಪನಿಗೆ ತೋರಿಸೋಣವೆಂದು ಕಾದರೆ ಆ ದಿನ ಅವನು ಕಳ್ಳಂಬೆಳ್ಳಕ್ಕೆ ಹೋಗಿದ್ದ. ಬಂದ ಮೇಲೆ ಹೇಳಿದೆ. “ಹೌದಾ ಸಾ? ಯಾವ ಹಾಳೇನಾಗೆ?” ಎಂದ. ಹುಡುಕಿದೆ. ಆ ಹಾಳೆಯಲ್ಲಿ ನಮ್ಮ ಮನೆಯಲ್ಲೇ ಯಾರೋ ಹುರಿಗಡಲೆ ಕಟ್ಟಿಟ್ಟಿದ್ದರು. ಬಿಡಿಸಿ ಓದಿ ಹೇಳಿದೆ. “ಅಂಗಾರೆ ಅವು ಪಾಪದವು” ಎಂದು ಒಂದು ಹಿಡಿ ಕಡಲೆ ತೆಗೆದುಕೊಂಡ. ಅವನ ಮೇಲೆ ನನಗೆ ಸಿಟ್ಟು ಬರಲಿಲ್ಲ. ಬಂದಿದ್ದರೆ ನನಗೆ ಎಷ್ಟೋ ಅನುಕೂಲವಾಗುತ್ತಿತ್ತು.

ಸರೋಜ ಜಗಳವಾಡಲಿಲ್ಲ. ಜಗಳವಾಡಿದ್ದರೆ ಅದನ್ನೂ ಹೀಗೇ ವರದಿ ಮಾಡಬಹುದಿತ್ತು. ಆ ಗುರುವಾರದ ಸಂಜೆ ಊಟ ಬಡಿಸುತ್ತ, “ಸುದ್ದಿ ಚೆನ್ನಾಗಿ ಬಂದಿತ್ತು ರೀ. ಒಂದು ತಪ್ಪಿಲ್ಲ” ಎಂದಳು, ಅಷ್ಟೆ. ಕಡ್ಡಿಗಳು ಚಿಗುರಿದವು. ಗೌರಿ ಹಬ್ಬದ ದಿನ ಖಾಲಿ ಜಾಗದ ತುಂಬ ಬಿಳಿ ಹೂವಿತ್ತು. ಬಾಗಿನ ಕೊಡಲು ಬಂದ ಹೆಂಗಸರ ಮುಂದೆ ಅವಳು ಸೆರಗನ್ನು ಮೂಗಿನವರೆಗೆ ಎಳೆದುಕೊಂಡು ಕೂತಿದ್ದಳು. ಹಬ್ಬದ ಮಾರನೆಯ ದಿನ ಟ್ರಂಕು ತೆಗೆದ ಸದ್ದು ಕೇಳಿತು. ಅರ್ಜಿಯನ್ನು ಅವಳೇ ಅಂಚೆಗೆ ಹಾಕಿ ಬಂದಳು. ಡಾಕ್ಟರ ಚೀಟಿ ಇದ್ದುದರಿಂದ ದಸರಾ ರಜೆ ಮುಗಿಯುವಷ್ಟರಲ್ಲಿ ಆದೇಶ ಬಂತು.

ಅವಳನ್ನು ಪಾವಗಡದ ಆಚೆಯ ಆ ಹಳ್ಳಿಗೆ ಬಿಡಲು ನಾನೇ ಹೋದೆ. ಬಂಡೆ, ಜಾಲಿ, ಅಲ್ಲಲ್ಲಿ ಕುರಿಮಂದೆ. ನಾನು ಇಳಿದವನೇ ನೆಲ ನೋಡಿದೆ. ಮನೆ ಬಾಡಿಗೆಗೆ ಕೊಟ್ಟ ಕುರಿ ಕಾಯುವ ಮನೆತನದ ಅಜ್ಜಿಗೆ, ಬಿಳಿ ಹೂವಿನ ಗಿಡ ಇಲ್ಲಿ ಇದೆಯೇ ಎಂದು ಕೈಸನ್ನೆ ಮಾಡಿ ಕೇಳಿದೆ. “ಆ ಗಿಡ ಈಡ ಲೇದು ನಾಯ್ನಾ. ಇನ್ನೂ ಬಂದಿಲ್ಲ” ಎಂದು ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ಹೇಳಿದಳು. ಆಮೇಲೆ ಸರೋಜಳ ಕತ್ತು ನೋಡಿ, “ಅಯ್ಯೋ ತಲ್ಲಿ” ಎಂದು ಕೈ ಹಿಡಿದು ಒಳಗೆ ಕರೆದುಕೊಂಡು ಹೋದಳು. ನಾನು ಹೊರಗೆ ನಿಂತು ಆ ಊರಿನಿಂದ ಬಸ್ಸುಗಳ ವೇಳೆ ಬರೆದುಕೊಂಡೆ. ಎರಡೇ ಇದ್ದವು.

ಮೂರು ತಿಂಗಳಲ್ಲಿ ಅವಳ ಮೈ ತಿಳಿಯಾಯಿತು. ನಾನು ಶನಿವಾರ ಸಂಜೆ ಹೋಗಿ ಸೋಮವಾರ ಬೆಳಿಗ್ಗೆ ಬರುತ್ತೇನೆ. ಉಳಿದ ದಿನ ಉಪ್ಪಿಟ್ಟು. ಡಬ್ಬದಲ್ಲಿ ಉಪ್ಪು ಇದೆಯೇ ಎಂದು ಕೇಳುವವರಿಲ್ಲವಾದ್ದರಿಂದ ನಾನೇ ಎದ್ದು ನೋಡುತ್ತೇನೆ. ಈ ಬೇಸಿಗೆಯಲ್ಲಿ ಅವಳು ಅಪರೂಪಕ್ಕೆ ನನ್ನಿಂದ ಒಂದು ವಸ್ತು ಕೇಳಿದಳು. ಹಿತ್ತಲ ಬಾಗಿಲ ಪಕ್ಕದ ಕನಕಾಂಬರ, ಅಲ್ಲಿನ ನೆಲಕ್ಕೆ ಹೂಗಿಡ ಹತ್ತುತ್ತಿಲ್ಲ, ಬುಡದ ಮಣ್ಣಿನ ಸಮೇತ ತನ್ನಿ ಎಂದು. ಬುಡದ ಮಣ್ಣು ಸಾಲದಾಗಿ, ಖಾಲಿ ಜಾಗದ ಅಂಚಿನಿಂದ ಎರಡು ಬೊಗಸೆ ಒಳ್ಳೆಯ ಕಪ್ಪು ಮಣ್ಣು ತೆಗೆದು, ಹಳೆಯ ಎಣ್ಣೆ ಡಬ್ಬದಲ್ಲಿ ನೆಟ್ಟು, ಮೂರು ಗಂಟೆ ತೊಡೆಯ ಮೇಲೆ ಇಟ್ಟುಕೊಂಡು, ಒಂದು ಹೂವೂ ಉದುರದಂತೆ ತಲುಪಿಸಿದೆ. ಅವಳು ಡಬ್ಬವನ್ನು ಅಡುಗೆಮನೆಯ ಕಿಟಕಿಯ ಹೊರಗೆ ಇಟ್ಟಳು. ಅಂದು ರಾತ್ರಿ ಊಟಕ್ಕೆ ಕೂತಾಗ ನನ್ನ ತಟ್ಟೆಯ ಎದುರಿಗೆ ಅವಳ ತಟ್ಟೆಯನ್ನೂ ಹಾಕಿಕೊಂಡಳು. ಆಗಸ್ಟ್‌ನಿಂದ ಹಾಗೆ ಆಗಿರಲಿಲ್ಲ.

ಈ ವರ್ಷ, ಅಂದರೆ ೧೯೮೯ರ ಜೂನ್‌ನಲ್ಲಿ, ಮಧುಗಿರಿಯಲ್ಲಿ ಮಳೆ ಬಿದ್ದ ಮೇಲೆ ಖಾಲಿ ಜಾಗಕ್ಕೆ ಹುಳುಗಳು ಮತ್ತೆ ಬಂದಿವೆ. ಸಿರಾ ರಸ್ತೆಯ ಕಡೆಯಿಂದ ಹಾರಿ ಬಂದಿರಬೇಕು ಎಂದು ಶಿವಣ್ಣ ಹೇಳಿದ್ದಾನೆ. ನಾನು ಹೋಗಿ ನೋಡಿದ್ದೇನೆ. ಬಹುತೇಕ ಗಿಡ ಕಡ್ಡಿಯಾಗಿವೆ. ಹನುಮಂತರಾಯಪ್ಪ ಈ ಸಲ ಮತ್ತೆ ಕಡಲೆಕಾಯಿ ಹಾಕಿದ್ದಾನೆ.

ಸರೋಜಳ ಪತ್ರ ನಿನ್ನೆ ಮಧ್ಯಾಹ್ನದ ಅಂಚೆಯಲ್ಲಿ ಬಂತು. ಶಾಲೆಯ ವಿಷಯ, ಅಜ್ಜಿಯ ಮಂಡಿ ನೋವು, ಶನಿವಾರ ಬರುವಾಗ ಹುಣಸೆಹಣ್ಣು ತರಬೇಕೆಂಬುದು ಆದ ಮೇಲೆ, ಕೊನೆಯಲ್ಲಿ ಎರಡು ಸಾಲು ಇವೆ: “ಕನಕಾಂಬರದ ಡಬ್ಬದಲ್ಲಿ ಕಾಂಗ್ರೆಸ್ ಗಿಡದ ಮೂರು ಸಸಿ ಕಂಡುಬಂದಿವೆ. ಬೆಳಕಿಗೆ ಹಿಡಿದು ನೋಡಿದೆ, ಎಲೆಗಳಲ್ಲಿ ತೂತು ಇಲ್ಲ.”